ಅಪ್ಪನನ್ನು ಕಟಕಟೆಗೆ ಕರೆದವರು

ಮಾತು ಬಿಟ್ಟ ಅಪ್ಪ, ಊರು ಬಿಟ್ಟ ಮಗ, ಇಬ್ಬರನ್ನೂ ಒಂದೇ ಕೋಣೆಗೆ ಎಳೆದು ತರುವ ಒಂದು ಕೇಸು: ಕೌಟುಂಬಿಕ ಕೋರ್ಟು ಚಿತ್ರಗಳ ಹಂದರ ಇಷ್ಟೇ. ರಾಜ್ ಕಪೂರ್ ಅವರ ‘ಆವಾರಾ’ (1951) ಇದನ್ನು ನಮ್ಮ ದೇಶದ ಪ್ರೇಕ್ಷಕರಿಗೆ ರೂಢಿ ಮಾಡಿಸಿತು. ಅಮೆರಿಕದ ‘ದಿ ಜಡ್ಜ್’ (2014) ಅದನ್ನೇ ಇನ್ನೊಂದು ಬಗೆಯಲ್ಲಿ ತೋರಿಸಿತು. ಇದು ಸಿನಿಮಾದವರೇ ಕಟ್ಟಿದ ಹಂದರ ಎಂದು ನಾವು ನಂಬಿಕೊಂಡಿದ್ದೇವೆ. ನನಗೆ ಹಾಗನಿಸುವುದಿಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ರೋಣ, ನರಗುಂದದ ಈ ಸೀಮೆಯಲ್ಲಿ ಹುಟ್ಟಿದ, ಓದಿದ, ಆಡಿದ ಕೃತಿಗಳು ಸಾವಿರ ವರ್ಷದಿಂದ ಅಪ್ಪ-ಮಗನ ವ್ಯಾಜ್ಯವನ್ನು ಸಭೆಯ ನಡುವೆ ಇಟ್ಟು ವಿಚಾರಿಸುತ್ತ ಬಂದಿವೆ. ಆ ವಿಚಾರಣೆಯಲ್ಲಿ ಕಟಕಟೆ ಹತ್ತಿದವನು ಬಹುಪಾಲು ಅಪ್ಪ. ಮಗನ ಮೇಲೆ ಅವನಿಗಿರುವ ಮಮತೆಯೇ ಅಲ್ಲಿ ಅವನ ಮೇಲಿನ ಆರೋಪ. ನಮ್ಮ ಸಿನಿಮಾ ಆ ಆರೋಪವನ್ನು ಕೈಬಿಟ್ಟು ಅಪ್ಪನ ಕಣ್ಣೀರನ್ನೇ ತೀರ್ಪು ಮಾಡಿಕೊಂಡಿತು ಎಂಬುದು ನನ್ನ ತಕರಾರು.

ಮೊದಲ ದಾಖಲೆ ರೋಣ ತಾಲ್ಲೂಕಿನದು. ಕಿಸುಕಾಡು ನಾಡಿನ ಸಯ್ಯಡಿ, ಅಂದರೆ ಇಂದಿನ ಸವಡಿ, ದುರ್ಗಸಿಂಹನ ಊರು. ಚಾಲುಕ್ಯ ಅರಸ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ಈತ 1031ರ ಹೊತ್ತಿಗೆ ‘ಕರ್ನಾಟಕ ಪಂಚತಂತ್ರ’ ಬರೆದ. ಅದರಲ್ಲಿನ ‘ವೃಕ್ಷಸಾಕ್ಷಿ’ ಕಥೆ ನಮ್ಮ ಹತ್ತನೆಯ ತರಗತಿಯ ಕನ್ನಡ ಪಠ್ಯಕ್ಕೂ ಬಂದಿದೆ. ಹೀಗಾಗಿ ಕೋರ್ಟಿನ ಮೆಟ್ಟಿಲು ಹತ್ತದ ಮಕ್ಕಳಿಗೂ ಈ ವಿಚಾರಣೆ ಗೊತ್ತು. ಧರ್ಮಬುದ್ಧಿ, ದುಷ್ಟಬುದ್ಧಿ ಎಂಬ ಇಬ್ಬರು ವ್ಯಾಪಾರದ ಗೆಳೆಯರು ಗಳಿಸಿದ ಹೊನ್ನನ್ನು ಆಲದ ಮರದ ಬುಡದಲ್ಲಿ ಹೂಳುತ್ತಾರೆ. ದುಷ್ಟಬುದ್ಧಿ ಗುಟ್ಟಾಗಿ ಅದನ್ನು ತೆಗೆದುಕೊಂಡು, ಕದ್ದವನು ನೀನೇ ಎಂದು ಗೆಳೆಯನ ಮೇಲೆ ಹೊರಿಸುತ್ತಾನೆ. ಪ್ರಕರಣ ಧರ್ಮಾಧಿಕರಣಕ್ಕೆ ಹೋಗುತ್ತದೆ. ಸಾಕ್ಷಿ ಯಾರೆಂದು ಕೇಳಿದರೆ, ಆ ಆಲದ ಮರವೇ ಸಾಕ್ಷಿ ಎನ್ನುತ್ತಾನೆ.

ಇಲ್ಲಿಯವರೆಗೆ ಇದು ಇಬ್ಬರು ಗೆಳೆಯರ ದುಡ್ಡಿನ ಜಗಳ. ದುಷ್ಟಬುದ್ಧಿ ಮನೆಗೆ ಹೋಗಿ ತಂದೆ ಪ್ರೇಮಮತಿಯ ಕೈಹಿಡಿದು ಒಂದು ಬದಿಗೆ ಕರೆದೊಯ್ದ ಗಳಿಗೆಯಿಂದ ಕಥೆಯ ಜೀವ ಬೇರೆಡೆಗೆ ಹೊರಳುತ್ತದೆ. ನೀನು ಮರದ ಪೊಟರೆಯಲ್ಲಿ ಕೂತು ನನ್ನ ಪರ ಮಾತಾಡಬೇಕು ಎಂದು ಮಗ ಕೇಳುತ್ತಾನೆ. ಈ ಕೆಟ್ಟ ಯೋಚನೆ ನಮ್ಮ ಕುಲವನ್ನೇ ಅಳಿಸುತ್ತದೆ ಎಂದು ತಂದೆ ಹೇಳುತ್ತಾನೆ. ಹಾಗೆ ಹೇಳಿದ ಮುದುಕನೇ ಹೋಗಿ ಪೊಟರೆಯೊಳಗೆ ಕೂರುತ್ತಾನೆ. ಬೇಡ ಎಂದ ಬಾಯಿಗೂ ಪೊಟರೆ ಹೊಕ್ಕ ಕಾಲಿಗೂ ನಡುವೆ ಆ ಮನೆಯಲ್ಲಿ ಏನು ನಡೆಯಿತು? ಮಗ ಅತ್ತನೇ, ಬೆದರಿಸಿದನೇ, ಇಲ್ಲ ಅಪ್ಪನಿಗೆ ತನ್ನ ಮಾತಿನ ಮೇಲೆಯೇ ವಿಶ್ವಾಸ ಹೋಯಿತೇ? ಈ ತುಸು ಜಾಗದಲ್ಲಿ ಒಂದು ಇಡೀ ಚಲನಚಿತ್ರ ಅಡಗಿದೆ. ಸರಿ ತಪ್ಪು ತಿಳಿಯದ ಅಪ್ಪನಲ್ಲ ಇವನು. ತಿಳಿದು, ಬಾಯಿಬಿಟ್ಟು ಹೇಳಿ, ಆಮೇಲೆ ಮಗನಿಗಾಗಿ ಸುಳ್ಳು ಸಾಕ್ಷಿ ನುಡಿಯಲು ಹೋದವನು. ಈ ಬಗೆಯ ಅಪ್ಪಂದಿರನ್ನು ನಾವು ಊರೂರಲ್ಲಿ ಕಂಡಿದ್ದೇವೆ.

ವಿಚಾರಣೆಯನ್ನೂ ದುರ್ಗಸಿಂಹ ಬಲ್ಲವನಂತೆ ನಡೆಸುತ್ತಾನೆ. ಧರ್ಮಾಧಿಕರಣದವರು ಮರ ಸಾಕ್ಷಿ ಹೇಳುವುದುಂಟೇ ಎಂದು ಬೆರಗಾದರೂ ಕಡೆಗೆ ಮರದ ಬಳಿಗೇ ಬರುತ್ತಾರೆ. ಒಳಗಿನಿಂದ ದನಿ ಬಂದಾಗ ಊರವರೆಲ್ಲ ದೈವವೇ ನುಡಿಯಿತೆಂದು ಬೆಚ್ಚುತ್ತಾರೆ. ಬೆಚ್ಚದವನು ಆರೋಪಿ ಒಬ್ಬನೇ. ಧರ್ಮಬುದ್ಧಿ ಮರವನ್ನು ಸುತ್ತಿ ನೋಡುತ್ತಾನೆ, ದೊಡ್ಡ ಪೊಟರೆ ಕಾಣುತ್ತದೆ, ಅನುಮಾನ ಬರುತ್ತದೆ, ಹೊಗೆ ಹಾಕಿಸುತ್ತಾನೆ. ಸಂಧಿವಿಗ್ರಹಿಯ ಹುದ್ದೆಯಲ್ಲಿ ಎಷ್ಟೋ ಪತ್ರ, ಎಷ್ಟೋ ಮಾತಿನ ಹಿಂದಿನ ಮಾತನ್ನು ಅಳೆದವನ ಕೈಬರಹ ಇದು. ದೈವದ ಹೆಸರಿನಲ್ಲಿ ಬಂದ ಸಾಕ್ಷಿಯನ್ನೂ ಕಣ್ಣಾರೆ ಪರೀಕ್ಷಿಸು ಎಂದು 11ನೇ ಶತಮಾನದಲ್ಲೇ ಇಷ್ಟು ಕಡಿಮೆ ಮಾತಿನಲ್ಲಿ ಕಾಣಿಸಿದ್ದು ದೊಡ್ಡ ಮಾತು.

ಆದರೆ ಹೊಗೆಗೆ ಸಿಕ್ಕು ಸಾಯುವವನು ಕಳ್ಳನಲ್ಲ, ಕಳ್ಳನ ಅಪ್ಪ. ಈ ಪಾಠವನ್ನು ಸತ್ಯಕ್ಕೆ ಜಯ ಎಂದು ಓದಿ ಮುಗಿಸುವುದೇ ರೂಢಿ. ಆ ಮುದುಕನ ಸಾವಿನ ಮುಂದೆ ಒಂದು ನಿಮಿಷ ನಿಲ್ಲದೆ ಮುಂದಕ್ಕೆ ಹೋಗುವ ಓದು ನನಗೆ ಸಾಲದು. ಕಥೆಯೂ ಅಲ್ಲಿ ಅವಸರ ಮಾಡುತ್ತದೆ. ಗೆದ್ದವನ ಜಾಣ್ಮೆಗೆ ಸಿಕ್ಕಷ್ಟು ಜಾಗ ಸತ್ತವನ ಮನಸ್ಸಿಗೆ ಸಿಕ್ಕಿಲ್ಲ. ಪಂಚತಂತ್ರದ ನೀತಿಕಥೆಯ ಚೌಕಟ್ಟು ಅದಕ್ಕೆ ಎಡೆ ಕೊಡುವುದಿಲ್ಲ ಎನ್ನಬಹುದು. ಆ ಚೌಕಟ್ಟಿನೊಳಗೂ ಅಪ್ಪನ ಬಾಯಲ್ಲಿ ಮೊದಲು ‘ಬೇಡ’ ಎನ್ನಿಸಿದ್ದರಿಂದಲೇ ಕಥೆ ಇಷ್ಟು ಕಾಲ ಉಳಿಯಿತು.

ದುರ್ಗಸಿಂಹನ ಕಾಲ ಕಳೆದು ಎರಡು ಮೂರು ತಲೆಮಾರು ದಾಟುವಷ್ಟರಲ್ಲಿ, ಅದೇ ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ಅದರ ಮಾತು ಬ್ರಿಟಿಷರ ಕೋರ್ಟುಗಳ ಮೂಲಕ ಭಾರತದ ಬಹುಭಾಗಕ್ಕೆ ಕಾನೂನಾಯಿತು. ಅಪ್ಪ ಬದುಕಿರುವಾಗಲೇ ಮಗ ಪಾಲು ಕೇಳಬಹುದಾದ ಈ ಏರ್ಪಾಡಿನಲ್ಲಿ ಮನೆಯ ಜಗಳ ಕೋರ್ಟಿಗೆ ಬರಲು ಯಾರೂ ಅಪರಾಧ ಮಾಡಬೇಕಿಲ್ಲ. ಪಾಶ್ಚಾತ್ಯ ಚಿತ್ರಕ್ಕೆ ಅಪ್ಪ-ಮಗನನ್ನು ಕೋರ್ಟಿಗೆ ತರಲು ಒಂದು ಕೊಲೆ ಬೇಕು. ನಮಗೆ ನಾಲ್ಕು ಎಕರೆ ಎರಿ ಭೂಮಿ ಸಾಕು.

ಗದಗದ ಕೋರ್ಟಿನಲ್ಲಾಗಲಿ ಮುಂಡರಗಿ, ಲಕ್ಷ್ಮೇಶ್ವರದ ಕೋರ್ಟುಗಳಲ್ಲಾಗಲಿ ಒಂದು ವಾಟ್ನಿ ದಾವೆಯ, ಅಂದರೆ ಪಾಲಿನ ದಾವೆಯ, ಕಾಗದವನ್ನು ಬಿಚ್ಚಿ ನೋಡಿ. ಮೊದಲಿಗೆ ವಾದಿ, ಪ್ರತಿವಾದಿಗಳ ಹೆಸರು, ವಯಸ್ಸು, ಉದ್ಯೋಗ ‘ಒಕ್ಕಲುತನ’. ಅದರ ಕೆಳಗೆ ವಂಶಾವಳಿ. ಮೇಲೆ ಮುತ್ತ್ಯಾನ ಹೆಸರು, ಪಕ್ಕದಲ್ಲಿ ‘ಮೃತ’. ಅಲ್ಲಿಂದ ಒಂದು ಗೆರೆ ಕೆಳಗಿಳಿದು ಅಪ್ಪನ ಹೆಸರಿಗೆ ಬರುತ್ತದೆ, ಅದರ ಪಕ್ಕ ‘ಪ್ರತಿವಾದಿ 1’. ಅಲ್ಲಿಂದ ಇನ್ನೊಂದು ಗೆರೆ ಇಳಿದು ಮಗನ ಹೆಸರಿಗೆ, ಅದರ ಪಕ್ಕ ‘ವಾದಿ’. ರಕ್ತಸಂಬಂಧ ತೋರಿಸಲು ಎಳೆದ ಗೆರೆಯೇ ಕಕ್ಷಿದಾರರನ್ನೂ ತೋರಿಸುತ್ತದೆ. ಕೊನೆಗೆ ಆಸ್ತಿಯ ಷೆಡ್ಯೂಲು: ಸರ್ವೆ ನಂಬರು, ಎಕರೆ-ಗುಂಟೆ, ನಾಲ್ಕು ದಿಕ್ಕಿನ ಚೆಕ್ಕುಬಂದಿ. ಜೊತೆಗೆ ಉತಾರದ ಪ್ರತಿ. ತಾರೀಖಿನ ದಿನ ಒಂದೇ ಬಸ್ಸಿನಲ್ಲಿ ಬಂದ ಅಪ್ಪ-ಮಗ ಕೋರ್ಟಿನ ಹೊರಗೆ ಬೇರೆ ಬೇರೆ ವಕೀಲರ ಪಕ್ಕ ನಿಂತು, ಮುದ್ದತ್ತು ಬಿದ್ದ ಮೇಲೆ ಮತ್ತೆ ಅದೇ ಬಸ್ಸು ಹತ್ತುವುದು ಇಲ್ಲಿನ ವಕೀಲರಿಗೆ ದಿನದ ನೋಟ. ಮೇಲ್ಮನವಿ ಹೈಕೋರ್ಟಿಗೆ ಹೋದರೆ ಧಾರವಾಡ. ಹೈಕೋರ್ಟಿನ ಪೀಠ 2008ರಲ್ಲಿ ಅಲ್ಲಿಗೆ ಬರುವವರೆಗೆ ಬೆಂಗಳೂರಿನ ದಾರಿ ಹಿಡಿಯಬೇಕಿತ್ತು.

ಇತಿಹಾಸವೂ ಈ ಸೀಮೆಯಲ್ಲಿ ನ್ಯಾಯವನ್ನು ತುಂಡು ತುಂಡು ಮಾಡಿತ್ತು. ಗದಗ ಬೊಂಬಾಯಿ ಸರಕಾರದ ಧಾರವಾಡ ಜಿಲ್ಲೆಯಲ್ಲಿ, ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. ಒಂದೇ ಬೆಳವಲದ ನೆಲದ ನೆರೆಹೊರೆಯ ಒಕ್ಕಲಿಗರು ಬೇರೆ ಬೇರೆ ದೊರೆಗಳ ಕಚೇರಿಗೆ ಅಲೆಯುತ್ತಿದ್ದರು. ನರಗುಂದದ್ದು ಇನ್ನೂ ಕಹಿ. ಅಲ್ಲಿನ ದೊರೆ ಬಾಬಾಸಾಹೇಬರಿಗೆ ಮಗ ತೀರಿಹೋದ ಮೇಲೆ ದತ್ತು ತೆಗೆದುಕೊಳ್ಳಲು ಕಂಪನಿ ಸರಕಾರ ಒಪ್ಪಿಗೆ ಕೊಡಲಿಲ್ಲ. ಒಬ್ಬ ಅಪ್ಪನಿಗೆ ಮಗನಿರಬಾರದು ಎಂಬ ಆ ಆಜ್ಞೆ 1858ರ ಬಂಡಾಯದ ಕಾರಣಗಳಲ್ಲಿ ಒಂದಾಯಿತು. ಮುಂಡರಗಿ ಭೀಮರಾಯರು ಅದೇ ಬಂಡಾಯದಲ್ಲಿ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದರು, ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅಪ್ಪ-ಮಗನ ಸಂಬಂಧವನ್ನು ಕಾನೂನು ಹಿಡಿದು ತಿರುಚಿದ್ದಕ್ಕೆ ಇದಕ್ಕಿಂತ ಘೋರವಾದ ಉದಾಹರಣೆ ಈ ಜಿಲ್ಲೆಯಲ್ಲಿಲ್ಲ. ನಮ್ಮ ನಾಟಕ-ಸಿನಿಮಾಗಳು ಇದರ ಕತ್ತಿವರಸೆಗೆ ಕೊಟ್ಟಷ್ಟು ಮನಸ್ಸನ್ನು ಆ ದತ್ತಿನ ಅರ್ಜಿಗೆ ಕೊಟ್ಟಿಲ್ಲ.

ಇನ್ನು ಪರಂಪರೆಯ ನಡುಗಂಬ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ 15ನೇ ಶತಮಾನದಲ್ಲಿ ಕಟ್ಟಿದ ‘ಕರ್ಣಾಟ ಭಾರತ ಕಥಾಮಂಜರಿ’ಯ ಸಭಾಪರ್ವವನ್ನು ನಾನು ಕನ್ನಡದ ಮೊದಲ ಮಹಾ ಕೋರ್ಟು ನಾಟಕ ಎಂದೇ ಓದುತ್ತೇನೆ. ಭಾರತ ಓದುವ ಕಟ್ಟೆಗಳಲ್ಲಿ ಈ ಪರ್ವ ಬಂದಾಗ ಕೇಳುವ ಮಂದಿಯ ಮೈ ಬಿಗಿಯುವುದನ್ನು ಕಂಡವರಿಗೆ ಇದು ಅತಿಶಯೋಕ್ತಿ ಅನಿಸಲಾರದು. ಅಲ್ಲಿ ಒಂದು ನ್ಯಾಯಪೀಠವಿದೆ, ಅದರ ಮೇಲೆ ಧೃತರಾಷ್ಟ್ರ. ಒಂದು ಮೂಲ ಪ್ರಶ್ನೆಯಿದೆ: ತನ್ನನ್ನೇ ಸೋತ ಮೇಲೆ ಧರ್ಮರಾಯನಿಗೆ ಹೆಂಡತಿಯನ್ನು ಪಣಕ್ಕಿಡುವ ಹಕ್ಕು ಉಳಿದಿತ್ತೇ? ಇದು ಶುದ್ಧ ವಕೀಲಿ ಪ್ರಶ್ನೆ, ಹಕ್ಕು ಯಾರ ಕೈಯಲ್ಲಿತ್ತು, ಎಷ್ಟರವರೆಗೆ ಇತ್ತು ಎಂಬುದರ ಮೇಲೆ ನಿಂತದ್ದು. ಅದನ್ನು ಎತ್ತಿದವಳು ದ್ರೌಪದಿ. ಕರೆಯಲು ಬಂದ ಪ್ರಾತಿಕಾಮಿಯ ಕೈಯಲ್ಲಿ ಮೊದಲು ಪ್ರಶ್ನೆ ಕಳಿಸುತ್ತಾಳೆ, ಸಭೆಗೆ ಎಳೆತಂದ ಮೇಲೂ ಅದೇ ಪ್ರಶ್ನೆಗೆ ಉತ್ತರ ಕೇಳುತ್ತಾಳೆ. ಭೀಷ್ಮ ಧರ್ಮದ ಸೂಕ್ಷ್ಮದ ಹಿಂದೆ ಸರಿಯುತ್ತಾನೆ. ಕೌರವರಲ್ಲೇ ಒಬ್ಬನಾದ ವಿಕರ್ಣ ಎದ್ದು ಇದು ಅನ್ಯಾಯ ಎನ್ನುತ್ತಾನೆ, ಕರ್ಣ ಅವನ ಬಾಯಿ ಮುಚ್ಚಿಸುತ್ತಾನೆ. ಇಷ್ಟೆಲ್ಲ ನಡೆಯುವಾಗ ಪೀಠದಲ್ಲಿ ಕೂತವನು ಸುಮ್ಮನಿದ್ದಾನೆ. ಆರೋಪಿ ಅವನ ಮಗ.

ಧೃತರಾಷ್ಟ್ರನ ಕುರುಡನ್ನೇ ಹಿಡಿದು ಮಾತಾಡುವುದು ಸುಲಭ. ಕುಮಾರವ್ಯಾಸ ತೋರಿಸುವುದು ಅದಕ್ಕಿಂತ ಹದವಾದದ್ದು. ಈ ಅಪ್ಪನಿಗೆ ಎಲ್ಲವೂ ಗೊತ್ತಿದೆ. ವಿದುರ ಹೇಳಿದ್ದಾನೆ, ಅವನ ಒಳಮನಸ್ಸೂ ಹೇಳಿದೆ. ಜೂಜಿಗೆ ಒಪ್ಪಿಗೆ ಕೊಟ್ಟಾಗ ಮಗನ ಹೊಟ್ಟೆಯುರಿ ಅವನಿಗೆ ನ್ಯಾಯಕ್ಕಿಂತ ಹತ್ತಿರದ್ದಾಗಿತ್ತು. ಉತ್ಪಾತಗಳು ಕಂಡ ಮೇಲೆ ಹೆದರಿ ದ್ರೌಪದಿಗೆ ವರ ಕೊಟ್ಟು ಪಾಂಡವರನ್ನು ಬಿಡಿಸುತ್ತಾನೆ. ಕೇಸು ಮುಗಿಯಿತು ಎನ್ನುವಷ್ಟರಲ್ಲಿ ಮಗ ಬಂದು ಕೂರುತ್ತಾನೆ, ಅಪ್ಪ ದಾರಿಯಲ್ಲಿರುವ ಪಾಂಡವರನ್ನು ಇನ್ನೊಂದು ಆಟಕ್ಕೆ ಕರೆಸಲು ಒಪ್ಪುತ್ತಾನೆ. ಕೊಟ್ಟ ತೀರ್ಪನ್ನು ಕೊಟ್ಟವನೇ ಮಗನ ಮೋರೆ ನೋಡಿ ಮುರಿದ. ನನ್ನ ಮಟ್ಟಿಗೆ ಸಭಾಪರ್ವದ ಅತಿ ಕ್ರೂರ ಗಳಿಗೆ ಸೀರೆ ಸೆಳೆಯುವುದಕ್ಕಿಂತಲೂ ಇದು. ಅಲ್ಲಿ ದುಶ್ಶಾಸನ ಒಬ್ಬ ಹೆಣ್ಣಿನ ಮೇಲೆ ಕೈಮಾಡಿದ. ಇಲ್ಲಿ ಒಬ್ಬ ಅಪ್ಪ ಮುಂದೆ ಯಾರಿಗೂ ಈ ಸಭೆಯಿಂದ ನ್ಯಾಯ ಸಿಗದಂತೆ ಮಾಡಿದ. ಕುರುಕ್ಷೇತ್ರ ನಿಶ್ಚಯವಾದದ್ದು ಆ ಎರಡನೆಯ ಒಪ್ಪಿಗೆಯಲ್ಲಿ.

ಹಳ್ಳಿಯ ಜಗಲಿಯ ಮೇಲೆ ‘ದೈವ’ ಕೂಡಿ ನ್ಯಾಯ ಬಗೆಹರಿಸುವ ಕಡೆ, ಮಗನ ಪ್ರಕರಣ ಬಂದರೆ ಅಪ್ಪ ಪಂಚರ ಸಾಲಿನಿಂದ ಎದ್ದು ಆಚೆ ಕೂರಬೇಕೆಂಬ ಕಟ್ಟಳೆಯನ್ನು ಹಿರಿಯರು ಬಿಗಿಯಾಗಿ ಪಾಲಿಸುತ್ತಿದ್ದರು. ಭಾರತ ಕೇಳಿ ಬೆಳೆದ ಮಂದಿಗೆ ಅದಕ್ಕೆ ಬೇರೆ ಕಾರಣ ಹೇಳಿಕೊಡಬೇಕಿರಲಿಲ್ಲ.

ನೆರೆಸೀಮೆಯ ಕುಮ್ಮಟದ ಕುಮಾರರಾಮನ ಕಥೆ ಈ ಪರಂಪರೆಯ ಮೂರನೆಯ ಮುಖ. ನಂಜುಂಡ ಕವಿಯ ‘ರಾಮನಾಥ ಚರಿತೆ’ಯಿಂದ ಬಯಲಾಟದ ಅಟ್ಟದವರೆಗೆ ಬೆಳೆದ ಕಥೆ. ಕಂಪಿಲರಾಯನ ಕಿರಿಯ ರಾಣಿ ರತ್ನಾಜಿ ಮಲಮಗನನ್ನು ಬಯಸಿದಳು, ಅವನು ಒಲ್ಲೆನೆಂದ, ಅವಳು ಅವನ ಮೇಲೆಯೇ ಆರೋಪ ಹೊರಿಸಿದಳು. ಅಪ್ಪ ಒಂದು ಮಾತೂ ಕೇಳದೆ ಮಗನ ತಲೆ ತರಲು ಹೇಳಿದ. ಮಂತ್ರಿ ಬೈಚಪ್ಪ ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು, ರೂಪದಲ್ಲಿ ಅವನಂತೆಯೇ ಇದ್ದ ಇನ್ನೊಬ್ಬನ ತಲೆ ತಂದು ತೋರಿಸಿದ. ದಿಲ್ಲಿಯ ದಂಡು ಮೇಲೆ ಬಿದ್ದಾಗ ಕಂಪಿಲರಾಯ ಮಗನನ್ನು ನೆನೆದು ಅತ್ತ, ಆಗ ಮಗನನ್ನು ಹೊರಗೆ ತಂದರು.

ಕಥೆಯನ್ನು ಪರನಾರಿ ಸಹೋದರನ ಶೀಲದ ಮಹಿಮೆ ಎಂದು ಹಾಡಲಾಗಿದೆ. ಅದರ ನ್ಯಾಯದ ಪ್ರಶ್ನೆಯನ್ನು ಹಾಡಿದವರು ಕಡಿಮೆ. ಕಂಪಿಲರಾಯ ಅಳುವುದು ವಿಚಾರಣೆ ಮಾಡಿ ತಪ್ಪು ಕಂಡುಕೊಂಡಾಗ ಅಲ್ಲ, ಕೋಟೆ ಉಳಿಸಲು ಕತ್ತಿ ಬೇಕಾದಾಗ. ಆ ಅಳುವಿನಲ್ಲಿ ಪಶ್ಚಾತ್ತಾಪ ಎಷ್ಟು, ಗರಜು ಎಷ್ಟು? ಮಗನೂ ಕೇಳುವುದಿಲ್ಲ, ಕುದುರೆ ಏರಿ ಯುದ್ಧಕ್ಕೆ ಹೋಗುತ್ತಾನೆ. ರಾಮನ ಹೆಸರಿನಲ್ಲಿ ಸತ್ತವನ ಬಗ್ಗೆ ಅಪ್ಪನೂ ಕೇಳುವುದಿಲ್ಲ, ಮಗನೂ ಕೇಳುವುದಿಲ್ಲ. ಪರಂಪರೆಯ ಸೋಲು ಇಲ್ಲಿ ಎದ್ದು ಕಾಣುತ್ತದೆ. ವಿಧೇಯ ಮಗನನ್ನು ಪೂಜಿಸುವ ಭರದಲ್ಲಿ ಅಪ್ಪನ ಅಪರಾಧಕ್ಕೆ ಹೆಸರಿಡಲು ಅದು ಹಿಂಜರಿಯಿತು.

ಈ ಕಥೆಯನ್ನು ಗದಗದಲ್ಲಿ ನಾಟಕ ಮಾಡಿದವರು ಒಬ್ಬ ವಕೀಲರು. ಹುಯಿಲಗೋಳ ನಾರಾಯಣರಾಯರು (1884-1971). 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ ನಾಡಗೀತೆಯ ಕವಿಯೆಂದೇ ಅವರನ್ನು ನೆನೆಯುತ್ತೇವೆ. ಗದಗದ ಕೋರ್ಟಿನಲ್ಲಿ ವಕೀಲಿ ನಡೆಸುತ್ತ ಸಾಲುಸಾಲು ನಾಟಕ ಬರೆದವರು ಎಂಬುದು ಮರೆತುಹೋಗಿದೆ. ‘ಸಂಗೀತ ಕುಮಾರರಾಮ ಚರಿತ’ ಅವುಗಳಲ್ಲೊಂದು. ಹಗಲು ವಾದಿ-ಪ್ರತಿವಾದಿಗಳ ಮಾತು ಕೇಳಿದವರಿಗೆ, ಕೇಳದೆಯೇ ಮರಣದಂಡನೆ ಕೊಟ್ಟ ಅಪ್ಪನ ಕಥೆ ಹಿಡಿಸಿದ್ದು ಸಹಜ. ಅದೇ ಊರಿನಲ್ಲಿ ಗರುಡ ಸದಾಶಿವರಾಯರ (1879-1954) ದತ್ತಾತ್ರೇಯ ನಾಟಕ ಮಂಡಳಿ ‘ಪಾದುಕಾ ಪಟ್ಟಾಭಿಷೇಕ’ ಆಡಿ ಮಂದಿಯನ್ನು ಕಣ್ಣೀರಿನಲ್ಲಿ ಮುಳುಗಿಸುತ್ತಿತ್ತು. ತಾನು ಕೊಟ್ಟ ಮಾತಿಗೆ ತಾನೇ ಸಿಕ್ಕಿಬಿದ್ದು ಮಗನನ್ನು ಕಳೆದುಕೊಂಡ ಇನ್ನೊಬ್ಬ ಅಪ್ಪನ ಕಥೆ. ತಂದೆಯ ಜೊತೆ ಮಗ ಶ್ರೀಪಾದರಾಯರೂ ಅದೇ ರಂಗದಲ್ಲಿ ಬೆಳೆದು ದೊಡ್ಡ ನಟರಾದರು.

ವೃತ್ತಿರಂಗಭೂಮಿಯ ಬಗ್ಗೆ ನನಗಿರುವ ಗೌರವ ದೊಡ್ಡದು. ಆದರೂ ಹೇಳಲೇಬೇಕಾದ ಮಾತೊಂದಿದೆ. ಸಭೆ, ಪ್ರಶ್ನೆ, ಮರುಪ್ರಶ್ನೆಗಳ ಈ ವಸ್ತು ಕಂಪನಿ ನಾಟಕದ ಕೈಗೆ ಬಂದಾಗ ಪ್ರಶ್ನೆಯ ಜಾಗದಲ್ಲಿ ರಂಗಗೀತೆ ಬಂದು ಕೂತಿತು. ಎಲ್ಲಿ ದ್ರೌಪದಿ ಉತ್ತರ ಕೇಳಬೇಕಿತ್ತೋ ಅಲ್ಲಿ ಹಾಡಿದಳು. ಹಾಡು ಚೆನ್ನಾಗಿದ್ದರೆ ‘ವನ್ಸ್ ಮೋರ್’ ಬೀಳುತ್ತಿತ್ತು, ಉತ್ತರ ಕೊಡಬೇಕಾದ ಸಭೆ ಸುಮ್ಮನೆ ಕೂತು ಕೇಳುತ್ತಿತ್ತು. ಕಂದಗಲ್ಲ ಹನುಮಂತರಾಯರ ‘ಅಕ್ಷಯಾಂಬರ’, ‘ರಕ್ತರಾತ್ರಿ’ಗಳ ಸಂಭಾಷಣೆಯಲ್ಲಿ ಮಾತ್ರ ಮಾತು ಮತ್ತೆ ಕತ್ತಿಯಾಗುವುದನ್ನು ಕಾಣುತ್ತೇವೆ. ಈ ಭಾಗದ ಹಳ್ಳಿಗಳ ಹವ್ಯಾಸಿಗಳು ಇಂದಿಗೂ ಆ ನಾಟಕಗಳ ಮಾತನ್ನು ಬಾಯಿಪಾಠ ಹೇಳುವುದು ಸುಮ್ಮನೆ ಅಲ್ಲ. ಉಳಿದಂತೆ ನಮ್ಮ ಸಿನಿಮಾ ಕಂಪನಿ ನಾಟಕದಿಂದ ಎತ್ತಿಕೊಂಡದ್ದು ಪ್ರಶ್ನೆಯನ್ನಲ್ಲ, ಕರುಳು ಹಿಂಡುವ ಕೊನೆಯ ದೃಶ್ಯವನ್ನು.

‘ಆವಾರಾ’ ಆ ಮಟ್ಟಿಗೆ ಬೇರೆ ಜಾತಿಯ ಚಿತ್ರ. ನ್ಯಾಯಾಧೀಶ ರಘುನಾಥ ಬಸುರಿ ಹೆಂಡತಿಯನ್ನು ಅನುಮಾನದ ಮೇಲೆ ಮನೆಯಿಂದ ಹೊರಹಾಕಿದವನು. ಕಳ್ಳನ ಮಗ ಕಳ್ಳನೇ ಎಂದು ನಂಬಿದವನು. ಬೀದಿಯಲ್ಲಿ ಬೆಳೆದು ಕಳ್ಳನಾದ ಮಗನ ಕೇಸು ಕೋರ್ಟಿಗೆ ಬಂದಾಗ, ವಕೀಲೆ ರೀಟಾ ಆ ನ್ಯಾಯಾಧೀಶನನ್ನೇ ಸಾಕ್ಷಿಕಟ್ಟೆಗೆ ನಿಲ್ಲಿಸಿ ಪಾಟೀಸವಾಲು ಮಾಡುತ್ತಾಳೆ. ಅಪ್ಪನಾಗಿ ಪೃಥ್ವಿರಾಜ್ ಕಪೂರ್, ಮಗನಾಗಿ ಅವರ ಸ್ವಂತ ಮಗ. ಇಲ್ಲಿಯೂ ಪ್ರಶ್ನೆ ಕೇಳುವವಳು ಹೆಣ್ಣು ಎಂಬುದನ್ನು ಗದುಗಿನ ಭಾರತ ಓದಿದವರು ಗಮನಿಸದೆ ಇರರು. ಚಿತ್ರ ಕೊನೆಗೆ ಜೈಲಿನ ಕಂಬಿಯ ಮುಂದೆ ಅಪ್ಪ-ಮಗನನ್ನು ಒಂದುಮಾಡುತ್ತದೆ. ಆದರೆ ಅದಕ್ಕೆ ಮೊದಲು ಅಪ್ಪನ ನಂಬಿಕೆಯನ್ನು ಸಭೆಯ ಮುಂದೆ ಕೆಡವುತ್ತದೆ.

ಕನ್ನಡದಲ್ಲಿ ಆ ಧೈರ್ಯ ತೋರಿದ್ದು ಶಂಕರ್ ನಾಗ್ ಅವರ ‘ಆಕ್ಸಿಡೆಂಟ್’ (1985). ಅಮಲಿನಲ್ಲಿ ಕಾರು ಓಡಿಸಿದ ಮಗ ಬೀದಿಬದಿ ಮಲಗಿದ ಕೂಲಿಕಾರರ ಮೇಲೆ ಹರಿಸುತ್ತಾನೆ. ರಾಜಕಾರಣಿ ಅಪ್ಪ, ಅನಂತ್ ನಾಗ್ ಮಾಡಿದ ಧರ್ಮಾಧಿಕಾರಿಯ ಪಾತ್ರ, ಪ್ರಕರಣ ಮುಚ್ಚಿಹಾಕಲು ಇಳಿಯುತ್ತಾನೆ. ಅವನಿಗೆ ಮಗನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಪ್ರೀತಿ ಮತ್ತು ಗದ್ದುಗೆ ಎರಡೂ ಒಂದೇ ಕೆಲಸಕ್ಕೆ ಕೂಡಿಕೊಳ್ಳುತ್ತವೆ, ಎರಡರ ಗೆರೆ ಎಲ್ಲಿ ಎಂದು ಅವನಿಗೇ ತಿಳಿಯುವುದಿಲ್ಲ. ಧೃತರಾಷ್ಟ್ರನ ಮಾದರಿ ಬೆಂಗಳೂರಿನ ರಸ್ತೆಗೆ ಬಂದದ್ದು ಹೀಗೆ. ಸತ್ತವರ ಪರವಾಗಿ ಪ್ರಶ್ನೆ ಕೇಳುವ ಕೆಲಸವನ್ನು ಪತ್ರಕರ್ತನೊಬ್ಬ ಮಾಡುತ್ತಾನೆ. ಕೋರ್ಟು ಬೇಕಾದ ಕಡೆ ಕೋರ್ಟೇ ಇಲ್ಲದಂತಾಗುವುದು ಈ ಚಿತ್ರದ ನಿಜವಾದ ಹೆದರಿಕೆ.

ರಾಮ್ ರೆಡ್ಡಿ ಅವರ ‘ತಿಥಿ’ ಇನ್ನೂ ಆಳಕ್ಕೆ ಹೋಗಿದೆ, ಅದೂ ಒಂದೇ ಒಂದು ಕೋರ್ಟು ದೃಶ್ಯವಿಲ್ಲದೆ. ಮಂಡ್ಯ ಜಿಲ್ಲೆಯ ಹಳ್ಳಿಯವರೇ ನಟಿಸಿದ ಈ ಚಿತ್ರ 2015ರಲ್ಲಿ ಲೊಕಾರ್ನೋದಲ್ಲಿ ಗೆದ್ದು ಮರುವರ್ಷ ನಮ್ಮ ಚಿತ್ರಮಂದಿರಗಳಿಗೆ ಬಂತು. ಸೆಂಚುರಿ ಗೌಡ ತೀರಿಕೊಂಡ ಮೇಲೆ ಭೂಮಿ ಅವನ ಮಗ ಗಡ್ಡಪ್ಪನಿಗೆ ಬರಬೇಕು. ಗಡ್ಡಪ್ಪನಿಗೆ ಅದು ಬೇಡ, ಆದರೆ ಅವನ ಮಗ ತಮ್ಮಣ್ಣನಿಗೆ ಬೇಕೇಬೇಕು. ತಮ್ಮಣ್ಣ ಬದುಕಿರುವ ಅಪ್ಪನ ಮರಣ ಪ್ರಮಾಣಪತ್ರ ಮಾಡಿಸುತ್ತಾನೆ. ದುಷ್ಟಬುದ್ಧಿ ಬದುಕಿದ ಅಪ್ಪನನ್ನು ಮರದೊಳಗೆ ಕೂರಿಸಿ ಸಾಯಿಸಿದ, ತಮ್ಮಣ್ಣ ಅಪ್ಪನನ್ನು ಕಾಗದದ ಮೇಲೆ ಸಾಯಿಸಿ ಊರೂರು ತಿರುಗಲು ಬಿಟ್ಟ. ಗಡ್ಡಪ್ಪ ತನ್ನ ಸಾಕ್ಷ್ಯವನ್ನು, ತನ್ನ ಅಪ್ಪನಿಂದಲೇ ತನಗಾದ ಗಾಯವನ್ನು, ಕಚೇರಿಯಲ್ಲಿ ಹೇಳುವುದಿಲ್ಲ. ಪರಿಚಯವಿಲ್ಲದ ಕುರಿಗಾರರ ಮುಂದೆ ಹೇಳುತ್ತಾನೆ. ಮೂರು ತಲೆಮಾರಿನ ಅಪ್ಪಂದಿರ ಮೇಲಿನ ಆರೋಪಪಟ್ಟಿ ಆ ಒಂದು ಮಾತಿನಲ್ಲಿ ಬಿಚ್ಚಿಕೊಳ್ಳುತ್ತದೆ, ಯಾರೂ ಯಾರನ್ನೂ ಅಪ್ಪಿ ಅಳುವುದಿಲ್ಲ. ಪರಂಪರೆಯ ನಿಜವಾದ ವಾರಸುದಾರ ನನ್ನ ಕಣ್ಣಿಗೆ ಈ ಚಿತ್ರ.

ನಮ್ಮದೇ ಊರಿನ ಅಪ್ಪ-ಮಗನ ಚಿತ್ರವೂ ಬಂದಿದೆ. 2022ರ ‘ವಿಜಯಾನಂದ’ ಗದಗದ ಮುದ್ರಣೋದ್ಯಮಿ ಬಿ.ಜಿ. ಸಂಕೇಶ್ವರ ಮತ್ತು ಅವರ ಮಗ ವಿಜಯ ಸಂಕೇಶ್ವರರ ಕಥೆ. ನಡೆಯುತ್ತಿದ್ದ ಮನೆತನದ ಮುದ್ರಣದ ದಂಧೆ ಬಿಟ್ಟು ಮಗ 1976ರಲ್ಲಿ ಲಾರಿ ಇಟ್ಟ. ಅಪ್ಪನ ಪಾತ್ರದಲ್ಲಿ ಅನಂತ್ ನಾಗ್. ಗದಗದ ಮುದ್ರಣದ ಊರಿನ ವಾಸನೆ, ವ್ಯಾಪಾರಿ ಮನೆಯ ಶಿಸ್ತು, ಲೆಕ್ಕದ ಮಾತು ಬಂದ ಕಡೆಯೆಲ್ಲ ಚಿತ್ರ ಚೆನ್ನಾಗಿದೆ. ಆದರೆ ಗೆದ್ದ ಮಗನ ಕಥೆಯಾದ್ದರಿಂದ ಅಪ್ಪನ ತಕರಾರಿಗೆ ಪೂರ್ತಿ ವಕಾಲತ್ತು ಸಿಗುವುದಿಲ್ಲ. ಕಟ್ಟಿದ್ದನ್ನು ಬಿಟ್ಟುಹೋಗುವ ಮಗನ ಎದುರು ಆ ಅಪ್ಪನ ಬಳಿ ಗಟ್ಟಿಯಾದ ವಾದವಿತ್ತು. ಅದನ್ನು ಇಡಿಯಾಗಿ ಕೇಳಿಸಿದ್ದರೆ ಮಗನ ನಿರ್ಧಾರದ ತೂಕವೂ ಹೆಚ್ಚುತ್ತಿತ್ತು.

ಹೊರಗಿನ ‘ದಿ ಜಡ್ಜ್’ ಚಿತ್ರದಲ್ಲಿ ನನಗೆ ಬಹಳ ಹಿಡಿಸಿದ ಒಂದು ಸಂಗತಿಯಿದೆ. ರಾಬರ್ಟ್ ಡುವಾಲ್ ಮಾಡಿದ ಮುದಿ ನ್ಯಾಯಾಧೀಶನ ಕಾರಿಗೆ ಒಬ್ಬ ಸಿಕ್ಕಿ ಸತ್ತಿದ್ದಾನೆ, ಅಪ್ಪನ ಪರ ವಾದಿಸುವವನು ಶಿಕಾಗೋದಿಂದ ಬಂದ ಮಗ. ಕ್ಯಾನ್ಸರ್ ಚಿಕಿತ್ಸೆಯಿಂದ ಅಪ್ಪನ ನೆನಪು ಕೈಕೊಡುತ್ತಿದೆ ಎಂದು ಹೇಳಿದರೆ ಬಿಡುಗಡೆಯ ದಾರಿ ಇದೆ. ಅಪ್ಪ ಒಪ್ಪುವುದಿಲ್ಲ. ಹಾಗೆ ಹೇಳಿದರೆ ತಾನು ಈಚೆಗೆ ಕೊಟ್ಟ ತೀರ್ಪುಗಳೆಲ್ಲ ಅನುಮಾನಕ್ಕೆ ಬೀಳುತ್ತವೆ. ಧೃತರಾಷ್ಟ್ರ ಮಗನಿಗಾಗಿ ತೀರ್ಪು ಮುರಿದ, ಈ ಅಪ್ಪ ತೀರ್ಪು ಉಳಿಸಲು ತನ್ನನ್ನೇ ಬಿಟ್ಟುಕೊಟ್ಟ. ಇಷ್ಟು ಗಟ್ಟಿಯಾದ ನೆಲ ಸಿಕ್ಕ ಮೇಲೂ ಚಿತ್ರ ಕೆರೆ, ದೋಣಿ, ಮೀನಿನ ಗಾಳದ ಕಡೆಗೆ ಸರಿದು ಹಗುರಾಗುತ್ತದೆ. ರಾಜಿಯ ಆಸೆ ಎಲ್ಲ ದೇಶದ ನಿರ್ದೇಶಕರಿಗೂ ಒಂದೇ ಇರಬೇಕು.

ಬದುಕಿನ ಕೋರ್ಟು ಈ ನಡುವೆ ಮುಂದಕ್ಕೆ ಹೋಗಿದೆ. 2007ರ ಹಿರಿಯ ನಾಗರಿಕರ ಕಾಯ್ದೆ ಬಂದ ಮೇಲೆ ಈಗ ಅಪ್ಪನೇ ಅರ್ಜಿದಾರ. ಉಪವಿಭಾಗಾಧಿಕಾರಿಗಳ ಮುಂದೆ ನಿಂತು, ನನ್ನನ್ನು ನೋಡಿಕೊಳ್ಳುತ್ತೇನೆಂದು ಹೊಲ ಬರೆಸಿಕೊಂಡ ಮಗ ನೋಡಿಕೊಳ್ಳುತ್ತಿಲ್ಲ, ಆ ದಾನಪತ್ರ ರದ್ದು ಮಾಡಿ ಎಂದು ಕೇಳುತ್ತಾನೆ. ಕಾಯ್ದೆಯ 23ನೇ ಕಲಮಿನಲ್ಲಿ ಅದಕ್ಕೆ ಅವಕಾಶವಿದೆ. ಉಣ್ಣಲು ಇಕ್ಕಿದ್ದು ಎಷ್ಟು, ಗುಳಿಗೆಗೆ ಕೊಟ್ಟದ್ದು ಎಷ್ಟು, ಮಾತಾಡಿಸಿದ್ದು ಯಾವಾಗ ಎಂಬುದೆಲ್ಲ ಅಲ್ಲಿ ಸಾಕ್ಷ್ಯ. ಪ್ರೀತಿಯನ್ನೇ ಕರಾರಿನ ಷರತ್ತಾಗಿ ಅಳೆಯುವ ಈ ಕಚೇರಿಯ ಮೇಜು ಯಾವುದೇ ಚಿತ್ರಕಥೆಗಾರನಿಗೆ ದೊಡ್ಡ ಗಣಿ.

ಇನ್ನೊಬ್ಬಳು ಈ ಇಡೀ ಪರಂಪರೆಯಲ್ಲಿ ಬಾಗಿಲ ಹಿಂದೆಯೇ ಉಳಿದಿದ್ದಾಳೆ. ದ್ರೌಪದಿ ಸೊಸೆಯಾಗಿ ಕೇಳಿದಳು, ರೀಟಾ ವಕೀಲೆಯಾಗಿ ಕೇಳಿದಳು, ಮಗಳು ಮಗಳಾಗಿ ಕೇಳಿದ್ದು ನಮ್ಮ ಕಥೆಗಳಲ್ಲಿ ಕಾಣೆ. 1994ರ ಕರ್ನಾಟಕದ ತಿದ್ದುಪಡಿ ಮದುವೆಯಾಗದ ಹೆಣ್ಣುಮಕ್ಕಳಿಗೆ, 2005ರ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮದ ಪಾಲು ಕೊಟ್ಟಿತು. 2020ರಲ್ಲಿ ಸುಪ್ರೀಂ ಕೋರ್ಟು ಅದು ಹುಟ್ಟಿನಿಂದಲೇ ಬರುವ ಹಕ್ಕು ಎಂದು ಖಚಿತಪಡಿಸಿತು. ಈಗಿನ ವಾಟ್ನಿ ದಾವೆಯ ವಂಶಾವಳಿಯಲ್ಲಿ ಅವಳ ಹೆಸರೂ ಇದೆ, ಪ್ರತಿವಾದಿ 3 ಎಂದೋ 4 ಎಂದೋ. ಅಪ್ಪ ಒಂದು ಕಡೆಯಿಂದ, ಅಣ್ಣ ಇನ್ನೊಂದು ಕಡೆಯಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕು ಎಂದು ಫೋನು ಮಾಡುತ್ತಾರೆ. ಕೊಟ್ಟ ಮನೆಯವರು ಹಾಕಬೇಡ ಎನ್ನುತ್ತಾರೆ. ಅವಳಿಗೆ ತವರೂ ಬೇಕು, ಪಾಲೂ ಬೇಕು. ಅಪ್ಪ-ಮಗನ ವ್ಯಾಜ್ಯದ ಚಿತ್ರ ಮಾಡುವವರು ಅವಳನ್ನು ಸಾಕ್ಷಿಕಟ್ಟೆಗೆ ಕರೆದು ಮೊದಲ ಪ್ರಶ್ನೆ ಕೇಳಲಿ. ಅಪ್ಪ ಮಗನಿಗಾಗಿ ಏನೇನು ಮಾಡಿದ, ಏನೇನು ಮುಚ್ಚಿಟ್ಟ ಎಂಬುದು ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಅವಳಿಗೇ.